ಸುರಂಗದ ಸಾಕ್ಷ್ಯ: ವಾಹನ ಹೊಗೆಯ ಲೆಕ್ಕ ಎಲ್ಲಿ ತಪ್ಪುತ್ತದೆ?

ರಸ್ತೆ ವಾಹನಗಳ ಹೊಗೆಯನ್ನು ಅಂದಾಜಿಸುವ ಮೂಲಸೂತ್ರದ ಬಗ್ಗೆ ತಕರಾರಿಲ್ಲ. ವಾಹನಗಳ ಸಂಖ್ಯೆ, ಅವು ಓಡುವ ದೂರ, ಕಿಲೋಮೀಟರಿಗೆ ಇಷ್ಟು ಗ್ರಾಂ ಎಂಬ ಉತ್ಸರ್ಜನಾ ಗುಣಾಂಕ, ಈ ಮೂರರ ಗುಣಲಬ್ಧವೇ ಒಟ್ಟು ಮೊತ್ತ. ಲೆಕ್ಕ ತಪ್ಪಿದಾಗ ಮೂರರಲ್ಲಿ ಯಾವುದನ್ನು ತಿದ್ದಬೇಕೆಂಬುದೇ ಚರ್ಚೆ. ಭಾರತದ ನಗರಗಳ ಮಟ್ಟಿಗೆ ಸಂಶಯ ಮೊದಲು ಹೋಗುವುದು ಸಂಖ್ಯೆಯ ಮೇಲೆ. ಗುಜರಿ ಸೇರಿದ ಗಾಡಿಯೂ ನೋಂದಣಿ ದಾಖಲೆಯಲ್ಲಿ ಉಳಿದಿರುತ್ತದೆ. ಆಕ್ಷೇಪ ಸರಿಯಾದದ್ದೇ. ಆದರೆ ಎಣಿಕೆ ತಿದ್ದಿದರೆ ಸಾಕೆಂಬ ನಂಬಿಕೆಗೆ 1987ರ ಸಾಕ್ಷ್ಯವೊಂದು ಅಡ್ಡ ಬರುತ್ತದೆ.

ಆ ವರ್ಷ ಲಾಸ್ ಏಂಜಲೀಸಿನ ವ್ಯಾನ್ ನೈಸ್ ಸುರಂಗದಲ್ಲಿ, ಹಾದುಹೋದ ವಾಹನಗಳನ್ನು ಎಣಿಸಿ ಗಾಳಿಯನ್ನು ಅಳೆಯಲಾಯಿತು. ಕ್ಯಾಲಿಫೋರ್ನಿಯಾದ ಎಮ್‌ಫ್ಯಾಕ್ ಎಂಬ ಹೊಗೆ ಅಂದಾಜಿನ ಮಾದರಿ ಹೇಳಿದ್ದಕ್ಕಿಂತ ಕಾರ್ಬನ್ ಮಾನಾಕ್ಸೈಡ್ ಸುಮಾರು 2.7 ಪಟ್ಟು, ಹೈಡ್ರೋಕಾರ್ಬನ್ ಸುಮಾರು 3.8 ಪಟ್ಟು ಇತ್ತು. ನೈಟ್ರೋಜನ್ ಆಕ್ಸೈಡುಗಳು ಮಾತ್ರ ಹೆಚ್ಚುಕಡಿಮೆ ಹೊಂದಿದವು. ಸಂಖ್ಯೆಯೂ ದೂರವೂ ಇಲ್ಲಿ ಗೊತ್ತಿದ್ದವು. ಹಾಗಾಗಿ ದೋಷವನ್ನು ಅವುಗಳ ಮೇಲೆ ಹೊರಿಸುವಂತಿಲ್ಲ. ಸುರಂಗದ ಗಾಳಿಯ ಹರಿವನ್ನೇ ತಪ್ಪಾಗಿ ಅಳೆದಿರಬಹುದಲ್ಲವೇ? ಹಾಗಿದ್ದರೆ ಮೂರು ಅನಿಲಗಳೂ ಒಂದೇ ಪ್ರಮಾಣದಲ್ಲಿ ಏರಬೇಕಿತ್ತು. ಎರಡು ಏರಿ ಒಂದು ನಿಂತದ್ದು ದಹನದತ್ತ ಬೆರಳು ತೋರುತ್ತದೆ. ಗಾಳಿ ಸಾಲದೆ ಪೆಟ್ರೋಲು ಹೆಚ್ಚಾದಾಗ ಏರುವುದು ಆ ಎರಡೇ. ನೈಟ್ರೋಜನ್ ಆಕ್ಸೈಡುಗಳು ಏರುವುದಿಲ್ಲ. ಡೆನ್ವರ್ ವಿಶ್ವವಿದ್ಯಾಲಯದ ಡೊನಾಲ್ಡ್ ಸ್ಟೆಡ್‌ಮನ್ ರಸ್ತೆಬದಿಯಿಂದ ಅತಿಗೆಂಪು ಕಿರಣ ಹಾಯಿಸಿ ಮಾಡಿದ ಅಳತೆಗಳೂ ಇದಕ್ಕೆ ಹೊಂದುತ್ತವೆ: ಸುಮಾರು ಹತ್ತನೇ ಒಂದು ಪಾಲು ವಾಹನಗಳೇ ಅರ್ಧದಷ್ಟು ಕಾರ್ಬನ್ ಮಾನಾಕ್ಸೈಡ್ ಉಗುಳುತ್ತಿದ್ದವು. ಗುಣಾಂಕ ಹುಟ್ಟುವುದು ಪ್ರಯೋಗಾಲಯಕ್ಕೆ ಆಯ್ದು ತಂದ ಕೆಲವೇ ಗಾಡಿಗಳ ಸರಾಸರಿಯಿಂದ; ಅದರಲ್ಲಿ ಈ ಅಲ್ಪಸಂಖ್ಯಾತರು ಸಿಕ್ಕುವುದು ಕಷ್ಟ.

ಆದ್ದರಿಂದ, ಕನಿಷ್ಠ ಈ ಎರಡು ಅನಿಲಗಳ ಮಟ್ಟಿಗೆ, ಮುಖ್ಯ ದೋಷ ಗುಣಾಂಕದಲ್ಲಿತ್ತು ಎನ್ನಬಹುದು. ಇದಕ್ಕೂ ಮಿತಿಗಳುಂಟು. ಜೋರಾಗಿ ವೇಗ ಹೆಚ್ಚಿಸಿದಾಗ ಸುಸ್ಥಿತಿಯ ಎಂಜಿನ್ನಿಗೂ ಹೆಚ್ಚು ಇಂಧನ ಹರಿಯುತ್ತದೆ. ಕೆಟ್ಟ ಗಾಡಿಯ ಪಾಲೆಷ್ಟು, ಚಾಲನೆಯ ಪಾಲೆಷ್ಟು ಎಂದು ಸುರಂಗವೊಂದೇ ಬೇರ್ಪಡಿಸಲಾರದು. ನೈಟ್ರೋಜನ್ ಆಕ್ಸೈಡುಗಳ ಹೊಂದಾಣಿಕೆಯೂ ಎರಡು ತಪ್ಪುಗಳು ಪರಸ್ಪರ ಕಳೆದುಹೋದ ಫಲವಿರಬಹುದು. ಡೀಸೆಲ್ ಕಣಗಳಿಗೆ ಈ ತರ್ಕ ನೇರವಾಗಿ ಸಲ್ಲದು. 2020ರ ಏಪ್ರಿಲಿನಿಂದ ಬಿಎಸ್-6 ಹೊಗೆ ಮಾನದಂಡ ಜಾರಿಯಾದ ಮೇಲೆ, ದ್ವಿಚಕ್ರ ವಾಹನಗಳೇ ತುಂಬಿರುವ ಬೆಂಗಳೂರಿನಂಥ ನಗರದಲ್ಲಿ ಆ ಹತ್ತನೇ ಒಂದು ಪಾಲು ಹಿಗ್ಗುವುದೋ ಕುಗ್ಗುವುದೋ ಎಂಬುದನ್ನು ನೋಂದಣಿ ದಾಖಲೆ ಹೇಳಲಾರದು; ರಸ್ತೆಯಲ್ಲೇ ಅಳೆಯಬೇಕು.