ತಪ್ಪು ಮತ್ತು ಅಪರಾಧ: ಮೊಳಕಾಲ್ಮುರು–ಚಳ್ಳಕೆರೆ ಸೀಮೆಯ ದಂಡಪದಗಳ ವಿಚಾರ

ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯ ಬಿ.ಜಿ. ಕೆರೆಯ ಸುತ್ತಮುತ್ತ ಯಾರಾದರೂ ಮಾಡಬಾರದ್ದನ್ನು ಮಾಡಿದರೆ ಅದನ್ನು ಹೆಸರಿಸಲು ಮೂರು ಬಗೆಯ ಮಾತುಗಳಿವೆ. ಹಟ್ಟಿಯಲ್ಲಿ ಅದು ತಪ್ಪು, ಠಾಣೆಯ ಕಡತದಲ್ಲಿ ಗುನ್ನೆ, ನ್ಯಾಯಾಲಯದ ತೀರ್ಪಿನಲ್ಲಿ ಅಪರಾಧ. ಅದರ ಫಲಕ್ಕೂ ದಂಡ, ಸಜೆ, ಶಿಕ್ಷೆ ಎಂಬ ಮೂರು ಹೆಸರು. ಗುನ್ನೆ, ಸಜೆ, ಜುಲ್ಮಾನೆಗಳು ಪಾರಸಿ ಮೂಲದಿಂದ ಆಡಳಿತದ ದಾರಿಯಲ್ಲಿ ಬಂದವು. ಅಪರಾಧ, ಶಿಕ್ಷೆ, ದಂಡ ಸಂಸ್ಕೃತದವು. ತಪ್ಪು ದ್ರಾವಿಡ ನುಡಿಗಳದ್ದು. ಕಾನೂನು ಪದಕೋಶಗಳು ಇವುಗಳಲ್ಲಿ ಒಂದನ್ನು ಆರಿಸಿ ಇಂಗ್ಲಿಷ್ ಪದದ ಎದುರಿಗೆ ನಿಲ್ಲಿಸುತ್ತವೆ, ಉಳಿದವು ಆಡುಮಾತಿನ ಪರ್ಯಾಯಗಳಾಗಿಬಿಡುತ್ತವೆ. ಈ ಜೋಡಣೆಯೇ ಸರಿಯಿಲ್ಲ ಎಂಬುದು ನನ್ನ ವಾದ. ತಪ್ಪು–ದಂಡಗಳ ಜೋಡಿ ಕೆಟ್ಟ ಸಂಬಂಧವೊಂದನ್ನು ಕುರಿತು ಮಾತಾಡುತ್ತದೆ. ಅಪರಾಧ–ಶಿಕ್ಷೆಗಳ ಜೋಡಿ ನಡೆದ ಕೃತ್ಯವೊಂದನ್ನು ಕುರಿತು.

ಈ ಭೇದಕ್ಕೆ ಆಧಾರ ಪದಗಳ ಹುಟ್ಟಿನಲ್ಲಿಲ್ಲ, ಅವುಗಳ ಜೊತೆಗೆ ಬರುವ ಕ್ರಿಯಾಪದಗಳಲ್ಲಿದೆ. ದಾರಿ ತಪ್ಪುತ್ತದೆ, ಲೆಕ್ಕ ತಪ್ಪುತ್ತದೆ, ಕೊಟ್ಟ ಮಾತಿಗೆ ತಪ್ಪುತ್ತಾರೆ: ಎಲ್ಲೆಡೆಯೂ ಮೊದಲು ಇದ್ದ ನೆಲೆಯೊಂದರಿಂದ ಸರಿಯುವ ಅರ್ಥವಿದೆ, ಆದ್ದರಿಂದ ಮರಳುವ ದಾರಿಯೂ ಆ ಪದದಲ್ಲೇ ಅಡಗಿದೆ. ದಂಡವನ್ನು ಕಟ್ಟುತ್ತಾರೆ, ತೆರುತ್ತಾರೆ; ಕಟ್ಟಿದ ಮೇಲೆ ನ್ಯಾಯ ತೀರಿತು ಎನ್ನುತ್ತಾರೆ. ಸಾಲಕ್ಕೂ ಇವೇ ಕ್ರಿಯಾಪದಗಳು. ಶಿಕ್ಷೆಯನ್ನಾದರೋ ವಿಧಿಸುತ್ತಾರೆ, ಅನುಭವಿಸುತ್ತಾರೆ. ತೆತ್ತವನು ಋಣಮುಕ್ತನಾಗುತ್ತಾನೆ, ಅನುಭವಿಸಿದವನು ಶಿಕ್ಷೆ ಮುಗಿದ ಮೇಲೂ ಅಪರಾಧಿ ಎಂಬ ಹೆಸರನ್ನು ಹೊತ್ತು ತಿರುಗುತ್ತಾನೆ. ದಂಡಕ್ಕೆ ಈ ಸಾಲದ ಛಾಯೆ ಹೊಸದಾಗಿ ಬಂದದ್ದಲ್ಲ. ರಾಷ್ಟ್ರಕೂಟರ ತಾಮ್ರಶಾಸನಗಳು ದಾನದ ಊರಿನೊಂದಿಗೆ ದಶಾಪರಾಧಗಳ ದಂಡವನ್ನು ವಸೂಲು ಮಾಡುವ ಹಕ್ಕನ್ನೂ ದಾನಪಡೆದವರಿಗೆ ಬಿಟ್ಟುಕೊಡುತ್ತವೆ; ಅಲ್ಲಿ ದಂಡ ಊರಿನ ಆದಾಯದ ಒಂದು ಬಾಬು. ಪದಗಳ ಹುಟ್ಟು ಈ ಭೇದವನ್ನು ತೋರಿಸುವುದಿಲ್ಲ ಎಂಬುದಕ್ಕೆ ದೂರದ ಲಿಥುವೇನಿಯನ್ ಭಾಷೆಯೂ ಸಾಕ್ಷಿ: ಅಲ್ಲಿ ಶಿಕ್ಷೆಗಿರುವ ಬೌಸ್ಮೆ, ಜುಲ್ಮಾನೆಗಿರುವ ಬೌದ ಎರಡೂ ಒಂದೇ ಧಾತುವಿನಿಂದ ಬಂದಿವೆ. ಆ ನಾಡಿನ 1529, 1566, 1588ರ ಶಾಸನಸಂಹಿತೆಗಳು ಜನರ ಲಿಥುವೇನಿಯನ್ ನುಡಿಯಲ್ಲಿರಲಿಲ್ಲ, ರುಥೇನಿಯನ್ ಭಾಷೆಯಲ್ಲಿದ್ದವು. ನ್ಯಾಯದ ಭಾಷೆ ಬೇರೆ, ಮನೆಯ ಭಾಷೆ ಬೇರೆ ಎಂಬ ಸ್ಥಿತಿ ನಮಗೊಬ್ಬರಿಗೇ ಬಂದದ್ದಲ್ಲ.

ಈ ಸೀಮೆಯ ಮ್ಯಾಸಬೇಡ ಸಮುದಾಯದ ಕಟ್ಟೆಮನೆಗಳು, ಅಂದರೆ ಕುಲದ ನ್ಯಾಯ ತೀರ್ಮಾನಿಸುವ ನೆಲೆಗಳು, ನನ್ನ ವಾದಕ್ಕೆ ಗಟ್ಟಿಯಾದ ಪುರಾವೆ ಒದಗಿಸುತ್ತವೆ. ಚಳ್ಳಕೆರೆ ತಾಲ್ಲೂಕಿನ ನನ್ನಿವಾಳವು ಅಂಥ ಹೆಸರಾಂತ ಕಟ್ಟೆಮನೆ. ಕೋಳಿ ತಿನ್ನುವುದು, ಹೆಂಡ ಕುಡಿಯುವುದು ಈ ಸಮುದಾಯದ ಕಟ್ಟಳೆಯಲ್ಲಿ ತಪ್ಪು. ದೇಶದ ದಂಡಸಂಹಿತೆಯಲ್ಲಿ ಅದು ಅಪರಾಧವಲ್ಲ. ಯಾರಿಗೂ ಗಾಯವಾಗಿಲ್ಲ, ಯಾರ ಸ್ವತ್ತೂ ಹೋಗಿಲ್ಲ, ಆದರೆ ಕುಲ ಮತ್ತು ದೇವರ ಜೊತೆಗಿನ ನಂಟು ಕೆಟ್ಟಿದೆ. ಹೀಗಾಗಿಯೇ ಪರಿಹಾರವೂ ನಂಟನ್ನು ಸರಿಪಡಿಸುವ ಬಗೆಯದು: ದೇವರಿಗೆ ತಪ್ಪುಕಾಣಿಕೆ, ಕುಲಕ್ಕೆ ದಂಡ, ಶುದ್ಧಿ, ಆಮೇಲೆ ಪಂಕ್ತಿಯಲ್ಲಿ ಕೂರಿಸಿಕೊಂಡು ಊಟ. ಮೈಸೂರು ಸೀಮೆಯ ಹಲವು ಸಮುದಾಯಗಳಲ್ಲಿ ಕಾಯಿಸಿದ ಚಿನ್ನದ ಚೂರನ್ನು ನಾಲಿಗೆಗೆ ಮುಟ್ಟಿಸಿ ಕುಲಕ್ಕೆ ಕೂಡಿಸಿಕೊಳ್ಳುವ ರೂಢಿಯಿತ್ತು. ನೋವು ಕೊಡುವ ಈ ಕ್ರಿಯೆಯೂ ಶಿಕ್ಷೆಯ ಪಟ್ಟಿಗೆ ಸೇರುವುದಿಲ್ಲ. ಅದು ಮರಳಿ ಒಳಬರುವ ಬಾಗಿಲು.

ಇಲ್ಲಿ ಬಲವಾದ ಆಕ್ಷೇಪವೊಂದಿದೆ. ಕುಲದಿಂದ ಹೊರಗಿಡುವ, ಬೆಂಕಿ ನೀರು ಕೊಡದಿರುವ ಬಹಿಷ್ಕಾರವೂ ಇದೇ ಪದಲೋಕದ್ದು. ಇದನ್ನು ಸಂಬಂಧದ ನ್ಯಾಯವೆಂದು ಹೊಗಳುವುದು ಕ್ರೌರ್ಯಕ್ಕೆ ಚೆಂದದ ಹೆಸರಿಟ್ಟಂತಲ್ಲವೇ? ಕ್ರೌರ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಸಂಬಂಧವೇ ಎಲ್ಲದರ ಅಳತೆಯಾದ ಕಡೆ ಸಂಬಂಧ ಕಡಿಯುವುದೇ ಅತಿ ದೊಡ್ಡ ದಂಡನೆಯಾಗುತ್ತದೆ. ಬಹಿಷ್ಕಾರ ಈ ತರ್ಕದ ಹೊರಗಿನದಲ್ಲ, ಅದರ ಕೊನೆಯ ತುದಿ. ಇನ್ನೂ ಕಳವಳದ ಸಂಗತಿಯೆಂದರೆ ತಪ್ಪೇ ಮಾಡದವರೂ ಹೊರಗಾಗುತ್ತಾರೆ. ಇದೇ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣನ್ನೂ ಬಾಣಂತಿಯನ್ನೂ ಊರಾಚೆ ಇರಿಸುವ ಪದ್ಧತಿಗೆ ಸೂತಕ, ಮೈಲಿಗೆ ಎಂಬ ಹೆಸರುಗಳಿವೆ. ಆಕೆಯ ಮೇಲೆ ಯಾವ ತಪ್ಪೂ ಇಲ್ಲ, ಕಟ್ಟಬೇಕಾದ ದಂಡವೂ ಇಲ್ಲ; ಆದರೂ ಆಕೆ ಇರುವ ಜಾಗ ಮಾತ್ರ ದಂಡಿತರ ಜಾಗವೇ. ಆರೋಪವಿಲ್ಲದ ಕಾರಣ ಆಕೆಗೆ ಉತ್ತರ ಕೊಡುವ ಅವಕಾಶವೂ ಇಲ್ಲ. ಅಪರಾಧ ಎಂಬ ಪದದ ನಿಜವಾದ ಹಿರಿಮೆ ಕಾಣುವುದು ಇಲ್ಲಿಯೇ: ಆರೋಪವನ್ನು ಇಂಥದ್ದೆಂದು ಹೇಳಿ, ಸಾಕ್ಷ್ಯ ಕೇಳಿ, ಕುಲ ನೋಡದೆ ತೀರ್ಮಾನಿಸುವ ಹೊಣೆಯನ್ನು ಅದು ಪ್ರಭುತ್ವದ ಮೇಲೆ ಹೊರಿಸುತ್ತದೆ. ಆದರೂ ಈ ಎರಡು ನುಡಿಗಳು ಒಟ್ಟಿಗೆ ನಿಲ್ಲಬಲ್ಲವು ಎಂಬುದಕ್ಕೆ ಹಳೆಯ ಉದಾಹರಣೆಯಿದೆ. ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಗುರುತಿಸಿದ ಅಶೋಕನ ಶಾಸನಗಳು ತಾಯಿತಂದೆ, ಗುರು, ಪ್ರಾಣಿಗಳ ಜೊತೆಗಿನ ನಡತೆಯನ್ನು ಹೇಳುತ್ತವೆ. ಉತ್ತರದಲ್ಲಿರುವ ಅವನ ನಾಲ್ಕನೆಯ ಸ್ತಂಭಶಾಸನವೋ ವ್ಯವಹಾರಸಮತೆ, ದಂಡಸಮತೆಗಳನ್ನು ಬಯಸಿ, ಮರಣದಂಡನೆಗೆ ಗುರಿಯಾದವರಿಗೆ ಮೂರು ದಿನದ ಅವಧಿ ಕೊಡುತ್ತದೆ. ಎರಡು ಪದಲೋಕಗಳೂ ಒಬ್ಬನೇ ಅರಸನ ಮಾತಿನಲ್ಲಿ ಕೂಡಿವೆ.

ಪ್ರಭುತ್ವದ ಕಾನೂನಿಗೆ ನಂಟಿನ ನುಡಿ ಬೇಡವೇ ಎಂಬ ಇನ್ನೊಂದು ಪ್ರಶ್ನೆಗೆ ಉತ್ತರ ಚಿಕ್ಕದು: ಕಾನೂನೇ ಅದನ್ನು ಕೈಬಿಟ್ಟಿಲ್ಲ. 2024ರ ಜುಲೈ 1ರಂದು 1860ರ ದಂಡಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 4ನೆಯ ಕಲಮು ಶಿಕ್ಷೆಗಳ ಸಾಲಿಗೆ ಸಮುದಾಯ ಸೇವೆಯನ್ನು ಸೇರಿಸಿತು. ಅದರ ಜೊತೆಗೇ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯ 359ನೆಯ ಕಲಮು ಕೆಲವು ಅಪರಾಧಗಳನ್ನು ನೊಂದವರು ರಾಜಿ ಮಾಡಿಕೊಳ್ಳಲು ಬಿಡುತ್ತದೆ. ಆದರೆ ಎಲ್ಲ ಅಪರಾಧವನ್ನೂ ಅಲ್ಲ, ಕೆಲವನ್ನು ನ್ಯಾಯಾಲಯದ ಅನುಮತಿಯಿಲ್ಲದೆಯೂ ಅಲ್ಲ. ನೊಂದವರ ಒಪ್ಪಿಗೆಯನ್ನು ಹಟ್ಟಿಯ ಹಿರಿಯರು ಅವರ ಪರವಾಗಿ ಕೊಡುವಂತೆಯೂ ಇಲ್ಲ. ಕನ್ನಡದ ಕಾನೂನು ಪದಕೋಶವು ತಪ್ಪು, ತಪ್ಪುಕಾಣಿಕೆ, ತಪ್ಪುದಂಡ, ಕುಲಕ್ಕೆ ಮರಳಿ ಸೇರಿಸುವ ಕೂಡಿಕೆಗಳನ್ನು ಅಪರಾಧ–ಶಿಕ್ಷೆಗಳ ಆಡುರೂಪವೆಂದು ಕಡೆಗಣಿಸದೆ ಪ್ರತ್ಯೇಕ ನಮೂದುಗಳಾಗಿ, ತಮ್ಮ ಕ್ರಿಯಾಪದಗಳ ಸಮೇತ ಕೊಡಬೇಕು. ಬಹಿಷ್ಕಾರವನ್ನೂ ಅದೇ ಸಾಲಿನಲ್ಲಿ, ಅದರ ಹಾನಿಯನ್ನು ಮರೆಮಾಚದೆ ದಾಖಲಿಸಬೇಕು.