ಕೋಲಾರದ ಗಣಿಯಾಳದಲ್ಲಿ ನ್ಯೂಟ್ರಿನೊ
ಕೋಲಾರ ಚಿನ್ನದ ಗಣಿಯಲ್ಲಿ ವಿಶ್ವಕಿರಣಗಳ ಅಧ್ಯಯನ 1950ರ ದಶಕದ ಆರಂಭದಲ್ಲೇ ಶುರುವಾಗಿತ್ತು. ಭೌತವಿಜ್ಞಾನಿ ಹೋಮಿ ಭಾಭಾ ಅವರ ಸೂಚನೆಯಂತೆ ನಂಜನಗೂಡಿನ ಬಿ.ವಿ. ಶ್ರೀಕಂಠನ್ ಬೇರೆ ಬೇರೆ ಆಳಗಳಲ್ಲಿ, ವಿಶ್ವಕಿರಣಗಳಿಂದ ಹುಟ್ಟುವ ಮ್ಯೂಆನ್ ಕಣಗಳನ್ನು ಎಣಿಸಿದರು. ಆಳಕ್ಕಿಳಿದಷ್ಟೂ ಎಣಿಕೆ ಕುಗ್ಗಿತು. ಮುಂದಿನ ದಶಕದಲ್ಲಿ, ಸುಮಾರು 2,760 ಮೀಟರ್ ಆಳದಲ್ಲಿ ಎರಡು ತಿಂಗಳು ಕಾದರೂ ಒಂದು ಕಣವೂ ಸಿಗಲಿಲ್ಲ. ಬರಿಗೈ ಎನಿಸುವ ಈ ಫಲಿತಾಂಶವೇ ನಿಜವಾದ ಲಾಭ: ಇಷ್ಟು ಗದ್ದಲವಿಲ್ಲದ ಜಾಗದಲ್ಲಿ, ಬಂಡೆಯನ್ನೂ ಸಲೀಸಾಗಿ ಹಾದುಹೋಗುವ ನ್ಯೂಟ್ರಿನೊ ಎಂಬ ಕಣ ಅಪರೂಪಕ್ಕೆ ಹುಟ್ಟಿಸುವ ಮ್ಯೂಆನನ್ನು ಗುರುತಿಸಬಹುದಿತ್ತು.

ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ನ ವಿಜ್ಞಾನಿಗಳು ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 2.3 ಕಿ.ಮೀ. ಆಳದಲ್ಲಿ ಶೋಧಕಗಳನ್ನು ಗೋಡೆಯಂತೆ ನಿಲ್ಲಿಸಿದರು. ಎರಡು ಬದಿ, ಕಣ ಹಾದಾಗ ಬೆಳಕು ಸೂಸುವ ಪ್ಲಾಸ್ಟಿಕ್ ಸಿಂಟಿಲೇಟರ್, ನಡುವೆ ನಿಯಾನ್ ಕೊಳವೆಗಳ ಸಾಲು. ಕಣ ಹಾದರೆ ಕೊಳವೆಗಳು ಮಿನುಗಿ, ಅದರ ಜಾಡು ಕ್ಯಾಮೆರಾದಲ್ಲಿ ದಾಖಲಾಗುತ್ತಿತ್ತು. ಆಕಾಶದಿಂದ ಬಂದ ಮ್ಯೂಆನ್ ಆ ಆಳದಲ್ಲಿ ಬಹುತೇಕ ನೆಟ್ಟಗೆ ಇಳಿಯುತ್ತದೆ. ಅಡ್ಡಡ್ಡ ಬಂದದ್ದು ನ್ಯೂಟ್ರಿನೊದಿಂದಲೇ ಹುಟ್ಟಿರಬೇಕು. ಅಂಥ ಜಾಡು 1965ರಲ್ಲಿ ಸಿಕ್ಕಿತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಅಮೆರಿಕದ ಭೌತವಿಜ್ಞಾನಿ ಫ್ರೆಡರಿಕ್ ರೈನ್ಸ್ ತಂಡಕ್ಕೂ ಅದೇ ವರ್ಷ ಇದೇ ಯಶಸ್ಸು ದೊರೆಯಿತು. ಪ್ರಕಟಣೆಯಲ್ಲಿ ಮಾತ್ರ ಕೋಲಾರದ್ದು ಕೆಲವು ದಿನ ಮುಂದೆ.

1980ರ ದಶಕದಲ್ಲಿ ಪ್ರೋಟಾನ್ ಕ್ಷಯವನ್ನು, ಅಂದರೆ ಪ್ರೋಟಾನ್ ತಾನಾಗಿಯೇ ಒಡೆಯುವುದನ್ನು, ಹುಡುಕಲು ಅದೇ ಗಣಿಯಲ್ಲಿ 140 ಟನ್ ತೂಕದ ಶೋಧಕ ಸ್ಥಾಪನೆಯಾಯಿತು. 2001ರಲ್ಲಿ ಗಣಿ ಮುಚ್ಚಿತು.