ಜ್ಲೀನ್ ಪಟ್ಟಣವೂ ಬಾಟಾ ಕಾರ್ಖಾನೆಯೂ

ಕನ್ನಡನಾಡಿನ ಪೇಟೆಬೀದಿಗಳಲ್ಲಿ 'ಬಾಟಾ' ಎಂಬ ಹೆಸರನ್ನು ಓದದವರು ವಿರಳ. ಅದು ನಮ್ಮ ದೇಶದ ಹೆಸರೇ ಎಂದು ನಂಬಿರುವವರೂ ಉಂಟು. ವಾಸ್ತವವಾಗಿ ಅದು ಮೊರಾವಿಯಾ ಸೀಮೆಯ ಒಂದು ಮೋಚಿಮನೆತನದ ಹೆಸರು. ಚೆಕ್ ಭಾಷೆಯಲ್ಲಿ ಅದರ ಕಡೆಯ ವ್ಯಂಜನವು ನಮ್ಮ ಟಕಾರವಲ್ಲ. 'ತ್ಯ' ಎಂಬುದಕ್ಕೆ ಸಮೀಪವಾದ ತಾಲವ್ಯಧ್ವನಿ. ಇಂಗ್ಲಿಷ್ ಬರವಣಿಗೆಯ ದಾರಿಯಿಂದ ಬಂದುದರಿಂದ ಅದು ನಮ್ಮಲ್ಲಿ ಟಕಾರವಾಗಿರಬೇಕು.

ಆಗ ಆಸ್ಟ್ರಿಯಾ-ಹಂಗೆರಿ ಚಕ್ರಾಧಿಪತ್ಯಕ್ಕೆ ಒಳಪಟ್ಟಿದ್ದ ಜ್ಲೀನ್ ಕೆಲವೇ ಸಾವಿರ ಜನರ ಊರು. ಅಲ್ಲಿ 1894ರಲ್ಲಿ ಆಂಟೊನೀನ್, ಆನ್ನಾ, ತೋಮಾಷ್ ಎಂಬ ಮೂವರು ಒಡಹುಟ್ಟಿದವರು ತಾಯಿಯ ಕಡೆಯಿಂದ ಬಂದ ಹಣವನ್ನು ಮೂಲಧನವಾಗಿರಿಸಿ ಉದ್ಯಮವನ್ನು ಆರಂಭಿಸಿದರು. ಮರುವರ್ಷವೇ ಸಾಲವು ತಲೆಗೇರಿತು. ಅಣ್ಣನು ಸೈನ್ಯಕ್ಕೆ ಹೋದುದರಿಂದ ಹೊಣೆಯೆಲ್ಲ ತೋಮಾಷನ ಮೇಲೆ ಬಿದ್ದಿತು. ತೊಗಲನ್ನು ಕೊಳ್ಳಲು ಹಣವಿಲ್ಲದೆ ಆತನು ದಪ್ಪಬಟ್ಟೆಯ ಹಗುರವಾದ ಜೋಡುಗಳನ್ನು ಹೊಲಿಸಿದನು. ಕೊರತೆಯಲ್ಲಿ ಹುಟ್ಟಿದ ಆ ಅಗ್ಗದ ಸರಕೇ ಅವನನ್ನು ಉಳಿಸಿತು. 1904ರಲ್ಲಿ ಅಮೆರಿಕದ ಲಿನ್ ಪಟ್ಟಣದಲ್ಲಿ ಕೂಲಿಯಾಗಿ ದುಡಿದು ಯಂತ್ರೋತ್ಪಾದನೆಯ ಮರ್ಮವನ್ನರಿತು ಬಂದನು. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರ ಬೂಟುಗಳು ಕಾರ್ಖಾನೆಯನ್ನು ಬೆಳಸಿದುವು.

1922ನೆಯ ವರ್ಷವು ವಿಶೇಷವಾಗಿ ವಿಚಾರಾರ್ಹವಾದುದು. ಚೆಕೊಸ್ಲೊವಾಕಿಯಾದ ನಾಣ್ಯದ ಬೆಲೆ ಏರಿ, ಪರದೇಶದ ವ್ಯಾಪಾರ ಕುಗ್ಗಿ, ಮಾಲು ಉಗ್ರಾಣದಲ್ಲಿ ನಿಂತಿತು. ಸೆಪ್ಟೆಂಬರ್ 1ರಂದು ತೋಮಾಷನು ಪಾದರಕ್ಷೆಗಳ ಬೆಲೆಯನ್ನು ಅರ್ಧಕ್ಕೆ ಇಳಿಸಿದನು. ಇದನ್ನು ಸಾಹಸವೆಂದು ಹೊಗಳುವವರು ಬಹುಮಂದಿ. ಆದರೆ ಅದೇ ಸಮಯದಲ್ಲಿ ಕೆಲಸಗಾರರ ಕೂಲಿಯನ್ನು ನೂರಕ್ಕೆ 40ರಷ್ಟು ಕಡಿಮೆ ಮಾಡಿ, ಅನ್ನವಸ್ತ್ರಾದಿಗಳನ್ನು ಕಾರ್ಖಾನೆಯ ವತಿಯಿಂದ ಅರ್ಧಬೆಲೆಗೆ ಒದಗಿಸಲಾಯಿತು. ಆ ಸಾಹಸದ ಮೊದಲ ಕಂತನ್ನು ತೆತ್ತವರು ಹೊಲಿಯುವ ಕೈಗಳೇ ಎಂಬುದನ್ನು ಮರೆಯಲಾಗದು. 1924ರಿಂದ ಒಂದೊಂದು ಕಾರ್ಯಶಾಲೆಗೂ ಪ್ರತ್ಯೇಕ ಲೆಕ್ಕವಿರಿಸಿ ಲಾಭದಲ್ಲಿ ಪಾಲು ಕೊಡುವ ಏರ್ಪಾಡಾಯಿತೆಂಬುದೂ ಅಷ್ಟೇ ನಿಜ.

1923ರಲ್ಲಿ ಧಣಿಯೇ ಪುರಾಧ್ಯಕ್ಷನಾದನು. ಕೆಂಪಿಟ್ಟಿಗೆಯ ಮನೆ, ಶಾಲೆ, ಆಸ್ಪತ್ರೆ, ಅಂಗಡಿ ಎಲ್ಲವೂ ಕಾರ್ಖಾನೆಯ ಆಶ್ರಯದಲ್ಲಿ ಎದ್ದುವು. ಕಟ್ಟಡಗಳಿಗೆ ಕೂಡ 6.15 ಮೀಟರಿನ ಒಂದೇ ಅಳತೆಯ ಅಂಕಣ! ಸೌಕರ್ಯಕ್ಕೆ ಕೊರತೆಯಿರಲಿಲ್ಲ, ಆದರೆ ಕೂಲಿ ಕೊಡುವವನೂ ಮನೆ ಕೊಡುವವನೂ ಊರಾಳುವವನೂ ಒಬ್ಬನೇ ಆದಲ್ಲಿ ಅಹವಾಲನ್ನು ಒಯ್ಯುವುದೆಲ್ಲಿಗೆ?

1932ರ ಜುಲೈ 12ರಂದು ತೋಮಾಷನು ವಿಮಾನಾಪಘಾತದಲ್ಲಿ ಮಡಿದನು. ಮಲಸೋದರನಾದ ಯಾನ್ ಆಂಟೊನೀನನು ಅಧಿಕಾರಕ್ಕೆ ಬಂದನು. ಕಲ್ಕತ್ತೆಯ ಬಳಿ ಬಾಟಾನಗರವು 1934ರಲ್ಲಿ ಸ್ಥಾಪಿತವಾದುದು ಇವನ ಕಾಲದಲ್ಲಿ. ಬಳಿಕ 1939ರ ಜರ್ಮನರ ಆಕ್ರಮಣ, 1944ರ ಬಾಂಬುಗಳು, 1945ರ ರಾಷ್ಟ್ರೀಕರಣ. 1949ರಲ್ಲಿ ಊರಿನ ಹೆಸರೇ ಅಳಿದು, ಕಮ್ಯೂನಿಸ್ಟ್ ಅಧ್ಯಕ್ಷನ ಗೌರವಾರ್ಥವಾಗಿ 'ಗೊಟ್‌ವಾಲ್ಡೊವ್' ಎಂದಾಯಿತು. ಹಳೆಯ ಹೆಸರು ಮರಳಿದುದು 1990ರಲ್ಲಿ. 1947ರಲ್ಲಿ ಪರೋಕ್ಷವಾಗಿಯೇ ಅಪರಾಧಿಯೆಂದು ತೀರ್ಪಿಗೊಳಗಾದ ಯಾನನು ಬ್ರೆಜಿಲ್ ದೇಶದಲ್ಲಿ 1965ರಲ್ಲಿ ತೀರಿಕೊಂಡನು. ನ್ಯಾಯಾಲಯವು ಅವನನ್ನು ನಿರ್ದೋಷಿಯೆಂದುದು 2007ರಲ್ಲಿ.

ಅವನಿಗೆಂದು ಹದಿನೇಳಂತಸ್ತಿನ ಕಚೇರಿಯಲ್ಲಿ ಲಿಫ್ಟಿನೊಳಗೇ ಒಂದು ಕೊಠಡಿಯನ್ನು ರಚಿಸಿದ್ದರು. ಮೇಜು, ಕೈತೊಳೆಯುವ ತೊಟ್ಟಿ ಸಹಿತವಾಗಿ ಯಜಮಾನನೇ ಅಂತಸ್ತಿನಿಂದ ಅಂತಸ್ತಿಗೆ ಏರಿಳಿಯುವಂತೆ. ಕಟ್ಟಡವು ಮುಗಿದ ಕೆಲಕಾಲದಲ್ಲೇ ಅವನು ದೇಶವನ್ನು ಬಿಡಬೇಕಾಯಿತು. ಅಲ್ಲಿ ಈಗ ಪ್ರಾಂತದ ಸರಕಾರಿ ಕಚೇರಿಗಳಿವೆ.